ಇರಲಿ ಎಂದು ಬರೆದ ಹಾಳೆಗಳು

ತಮಿಳು ಸೀಮೆಯ ಪೆರಂಬೂರಿನ ಆ ಮನೆಯ ಊಟದ ಮೇಜಿಗೆ 2001ರ ದಸರೆಯಿಂದಾಚೆಗೆ ಊಟದ ಯೋಗ ತಪ್ಪಿತು. ಕಮಲಾಕರ ರಾಯರು ಅದರ ಮೇಲೆ ತಮ್ಮ ಹಳೆಯ ಡ್ರಾಯಿಂಗ್ ಹಲಗೆ ಇಟ್ಟರು. ಹಲಗೆಯ ಹಿಂದೆಯೇ ಇಂಡಿಯನ್ ಇಂಕಿನ ಸೀಸೆ, ಸ್ಕೇಲು, ಬ್ಲೇಡು, ದಪ್ಪ ಹಾಳೆಯ ಕಟ್ಟು ಎಲ್ಲ ಬಂದು ಕೂತವು. ಮನೆಯ ನಾಲ್ಕು ಜನ ತಟ್ಟೆ ಹಿಡಿದು ನೆಲಕ್ಕಿಳಿದರು. ರಾಯರ ಹೆಂಡತಿ ಜಯಲಕ್ಷ್ಮಿಗೆ ಮಂಡಿನೋವು. ಆಕೆ ಗೋಡೆ ಹಿಡಿದು ಕೂರುವಾಗ ಒಂದು ಸಲ, ಏಳುವಾಗ ಒಂದು ಸಲ ಗಂಡನನ್ನು ವಿಚಾರಿಸಿಕೊಳ್ಳುತ್ತಿದ್ದರು.

"ಏನೂಂದ್ರೆ, ಎಷ್ಟಾಯ್ತು?"

"ಹನ್ನೊಂದು."

"ಒಟ್ಟು ಎಷ್ಟು?"

"ನೂರಾ ಎಂಬತ್ತಾರು."

"ಹೊಸೂರು ಸ್ಕೂಲಲ್ಲಿ ನಮ್ಮ ಮೇಷ್ಟ್ರು ಐವತ್ತೆರಡೇ ಅಕ್ಷರ ಅಂತ ಹೇಳಿಕೊಟ್ಟಿದ್ದು. ಉಳಿದದ್ದು ಎಲ್ಲಿಂದ ಬಂತು?"

"ನಿಮ್ಮ ಮೇಷ್ಟ್ರು ಒತ್ತು, ಕೊಂಬು, ಏತ್ವ ಎಲ್ಲ ಮನೇಲಿಟ್ಟು ಬರ್ತಿದ್ರೇನೋ."

"ನನ್ನ ಮಂಡಿ ಪುಡಿಯಾಗೋ ಹೊತ್ತಿಗೆ ನಿಮ್ಮ ಒತ್ತು ಮುಗಿಯತ್ತೆ ಬಿಡಿ," ಎಂದು ಜಯಲಕ್ಷ್ಮಿ ಅವರ ತಟ್ಟೆಗೆ ಅನ್ನ ಬಡಿಸಿದರು. ಬೈದರೂ ಬಡಿಸುವುದರಲ್ಲಿ ಆಕೆ ಕಡಿಮೆ ಮಾಡುವವರಲ್ಲ.

ರಾಯರು ಜಾರ್ಜ್ ಟೌನಿನ ಒಂದು ಅಚ್ಚುಮೊಳೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಕ್ಷರ ಬರೆದವರು. ಅವರು ಅಂಗೈಯಗಲ ಬರೆದುಕೊಟ್ಟ ಅಕ್ಷರವನ್ನು ಯಂತ್ರ ಸಣ್ಣದು ಮಾಡಿ ಸೀಸದ ಮೊಳೆಗೆ ಇಳಿಸುತ್ತಿತ್ತು. ಆ ಮೊಳೆಗಳಿಂದ ಎಷ್ಟು ಪಂಚಾಂಗ, ಎಷ್ಟು ಲಗ್ನಪತ್ರಿಕೆ ಅಚ್ಚಾದವೋ ಲೆಕ್ಕವಿಲ್ಲ. ಕಾರ್ಖಾನೆಯ ಪಟ್ಟಿಯಲ್ಲಿ ಅಕ್ಷರಗಳಿಗೆ ನಂಬರು ಇರುತ್ತಿತ್ತು, ಬರೆದವನ ಹೆಸರು ಇರುತ್ತಿರಲಿಲ್ಲ. ತೊಂಬತ್ಮೂರರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ರಾಯರು ಎಂಟು ವರ್ಷ ಪೆರಂಬೂರಿನ ಕನ್ನಡದವರ ಮನೆಗಳಿಗೆ ನಾಮಫಲಕ ಬರೆದರು, ಮಠದ ಆರಾಧನೆಗೆ ಬ್ಯಾನರು ಬರೆದರು. ಅವರಿಗಿದ್ದದ್ದು ಒಂದೇ ಆಸೆ. ಅ ಇಂದ ಳ ತನಕ ಪೂರ್ತಿ ತನ್ನದೇ ಕೈಯ ಒಂದು ಅಕ್ಷರಮಾಲೆ ಅಚ್ಚಿಗೆ ಬರಬೇಕು, ಅದಕ್ಕೆ ತನ್ನ ಹೆಸರಿರಬೇಕು. ಅರವತ್ತೈದು ವರ್ಷದ ಮನುಷ್ಯನಿಗೆ ಇಂಥ ಆಸೆ ಇರಬಾರದು ಎನ್ನುವವರು ಇದ್ದಾರೆ. ಅಂಥವರ ಹೆಸರು ಎಲ್ಲೋ ಒಂದು ಕಡೆ ಆಗಲೇ ಅಚ್ಚಾಗಿರುತ್ತದೆ.

ಆಸೆ ಕೈಗೂಡುವ ದಾರಿ ತೋರಿಸಿದವನು ಮಗ ಸಂಜೀವ. ಅವನು ನುಂಗಂಬಾಕ್ಕದಲ್ಲಿ ಕಂಪ್ಯೂಟರಿಗೆ ಫಾಂಟ್ ಮಾಡುವ ಕಂಪನಿಯೊಂದರಲ್ಲಿದ್ದ. ಬೆಂಗಳೂರಿನ ಪಠ್ಯಪುಸ್ತಕದ ಪ್ರಕಾಶಕರೊಬ್ಬರು ಹೊಸದೊಂದು ಕನ್ನಡ ಫಾಂಟ್ ಬೇಕೆಂದು ಕಂಪನಿಗೆ ಬಂದಾಗ ಮ್ಯಾನೇಜರ್ ಪದ್ಮನಾಭನ್, "ಸಂಜೀವ್, ನಿನಗೆ ಕನ್ನಡ ಓದಲು ಬರೆಯಲು ಬರುತ್ತದೆ ಎಂದು ಅರ್ಜಿಯಲ್ಲಿ ಹಾಕಿದ್ದೀಯಲ್ಲ?" ಎಂದು ಕೇಳಿದರು. ಹಾಕಿದ್ದು ನಿಜ, ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಎಂಟು ವರ್ಷದವನಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ತಾಯಿ ಸ್ಲೇಟು ಕೊಟ್ಟು ಕಲಿಸಿದ್ದೇ ಅವನ ಕನ್ನಡ ವಿದ್ಯೆ. ಬಸ್ಸಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಆದರೂ "ಬರುತ್ತೆ ಸಾರ್, ನಮ್ಮ ಅಪ್ಪ ಇದೇ ಕೆಲಸದವರು" ಎಂದ. ಪದ್ಮನಾಭನ್ ರಾಯರನ್ನು ಕರೆಸಿ ಕಾಫಿ ಕೊಟ್ಟು, ಫಾಂಟಿಗೆ 'ಕಮಲಾಕರ' ಎಂದೇ ಹೆಸರಿಡೋಣ ಎಂದರು. ಆ ದಿನ ರಾಯರು ಮನೆಗೆ ಬಂದು ಯಾರಿಗೂ ಏನೂ ಹೇಳದೆ ಎರಡು ಸಲ ಅನ್ನ ಹಾಕಿಸಿಕೊಂಡರು. ವಿಷಯ ಜಯಲಕ್ಷ್ಮಿಗೆ ಮಗನಿಂದ ತಿಳಿಯಿತು, ಬೆಂಗಳೂರಿನ ತಂಗಿಗೆ ಜಯಲಕ್ಷ್ಮಿಯಿಂದ ತಿಳಿಯಿತು.

ರಾಯರ ಕೆಲಸದ ಕ್ರಮ ಕಾರ್ಖಾನೆಯದೇ. ಒಂದು ಹಾಳೆಗೆ ಒಂದೇ ಅಕ್ಷರ. ಪ್ರತಿ ಅಕ್ಷರವನ್ನೂ ಎರಡು ಹಾಳೆಯಲ್ಲಿ ಎರಡು ಸಲ ಬರೆಯುವುದು. ಒಂದೇ ಸಲಕ್ಕೆ ಬಂದ ಅಕ್ಷರವನ್ನು ನಂಬಬಾರದು ಎಂದು ಅವರ ಮೇಸ್ತ್ರಿ ಹೇಳುತ್ತಿದ್ದನಂತೆ. ಎರಡನ್ನೂ ಗೋಡೆಗೆ ಆನಿಸಿಟ್ಟು, ಎರಡು ದಿನ ಅತ್ತಿತ್ತ ಓಡಾಡುತ್ತ ನೋಡಿ, ಒಪ್ಪಿಗೆಯಾದದ್ದರ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ 'ಇರಲಿ' ಎಂದು ಬರೆಯುತ್ತಿದ್ದರು. ಅದು ಕರಡು ತಿದ್ದುವವರ ಮಾತು. ಅಚ್ಚಿನ ಮನೆಯಲ್ಲಿ 'ಇರಲಿ' ಎಂದು ಬಿದ್ದರೆ ಅದು ಉಳಿಯಬೇಕು ಎಂದೇ ಅರ್ಥ. ಒಪ್ಪಿಗೆಯಾಗದ ಹಾಳೆಯ ಮೇಲೆ ಏನೂ ಬರೆಯುತ್ತಿರಲಿಲ್ಲ. ಸರಸ್ವತಿಗೆ ಕಾಟು ಹಾಕಬಾರದು ಎಂಬುದು ಅವರ ನೇಮ.

ಊಟದ ಹೊತ್ತಿನಲ್ಲಿ ಅವರ 'ಇರಲಿ' ಬೇರೆ.

"ಸಾರು ಇನ್ನೊಂದು ಸೌಟು?"

"ಇರಲಿ, ಇರಲಿ." ರಾಯರು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು.

"ಪಲ್ಯ?"

"ಇರಲಿ."

ಎದುರಿಗೆ ಕೂತ ಸಂಜೀವ ಮೂವತ್ತು ವರ್ಷದಿಂದ ಕೇಳಿದ ಇರಲಿ ಇದೊಂದೇ.

ಕಾರ್ತಿಕ ಕಳೆಯಿತು, ಧನುರ್ಮಾಸ ಬಂತು. ಹಾಳೆಗಳು ಮೇಜು ತುಂಬಿ ಅಲಮಾರಿನ ಮೇಲಕ್ಕೆ ಹತ್ತಿದವು. ಸೊಸೆ ವೃಂದಾ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಟ್ರಿಪ್ಲಿಕೇನಿನಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ಕನ್ನಡವಾದರೂ ಓದುವುದು ತಮಿಳು ಮತ್ತು ಇಂಗ್ಲಿಷು. ಅವಳ ಕಣ್ಣು ವೇಲಚೇರಿಯಲ್ಲಿ ಏಳುತ್ತಿದ್ದ ಫ್ಲ್ಯಾಟಿನ ಮೇಲಿತ್ತು. ಪೆರಂಬೂರಿನ ಬಾಡಿಗೆ ಮನೆಯಲ್ಲಿ ಇಬ್ಬರಿಗೆ ಒಂದು ಕೋಣೆ, ಇಬ್ಬರಿಗೆ ಒಂದು ಹಜಾರ. ಹಜಾರದಲ್ಲಿ ಈಗ ಅಕ್ಷರಗಳ ಸಂಸಾರ.

"ಫಾಂಟ್ ಡೆಲಿವರಿ ಆದ್ರೆ ಇವರಿಗೆ ಪ್ರಮೋಷನ್ ಅಂತ ಪದ್ಮನಾಭನ್ ಸಾರ್ ಹೇಳಿದಾರಂತೆ ಅತ್ತೆ," ಎಂದು ವೃಂದಾ ಒಂದು ಭಾನುವಾರ ಬೀನ್ಸ್ ಹೆಚ್ಚುತ್ತ ಹೇಳಿದಳು. "ಪ್ರಮೋಷನ್ ಆದ್ರೆ ಬ್ಯಾಂಕ್‌ನವರು ಲೋನ್ ಕೊಡ್ತಾರೆ. ನಿಮಗೆ ಅಲ್ಲಿ ಲಿಫ್ಟ್ ಇದೆ, ಮಂಡಿಗೆ ಒಳ್ಳೇದು."

"ಮೊದಲು ನಂಗೆ ಊಟದ ಮೇಜು ವಾಪಸ್ ಬರಲಿ ಕಣೆ. ಲಿಫ್ಟು ಆಮೇಲೆ."

"ಮಾವ, ಬೇಗ ಆಗಲ್ವಾ? ಮಾರ್ಚ್ ಲಾಸ್ಟ್ ಡೇಟ್ ಅಂತೆ."

ರಾಯರು ಗೋಡೆಗೆ ಆನಿಸಿದ ಎರಡು 'ಕ'ಗಳನ್ನು ಕತ್ತು ವಾರೆ ಮಾಡಿ ನೋಡುತ್ತಿದ್ದರು. "ಈ ಕಕಾರದ ಹೊಟ್ಟೆ ಜೋತು ಬಿದ್ದಿದೆ ನೋಡಮ್ಮ. ಮಕ್ಕಳ ಪುಸ್ತಕ. ಪುಟದಲ್ಲಿ ನಲವತ್ತು ಕಕಾರ ಬಂದ್ರೆ ಪುಟವೇ ಕೆಳಗೆ ಜಗ್ಗಿದ ಹಾಗೆ ಕಾಣತ್ತೆ. ಇನ್ನೊಂದು ನೋಡು, ಹೇಗೆ ಕೂತಿದೆ."

ವೃಂದಾ ನೋಡಿದಳು. ಎರಡೂ ಒಂದೇ ಥರ ಕಂಡವು. "ಚೆನ್ನಾಗಿದೆ ಮಾವ," ಎಂದಳು.

ಅಷ್ಟು ಹೊತ್ತಿಗೆ ರಾಯರ ಎರಡು ಕಣ್ಣಿಗೂ ಪೊರೆ ಬಲಿತಿತ್ತು. ಬಲಗಣ್ಣಿಗೆ ಕೂಡಲೇ ಆಪರೇಷನ್ ಆಗಬೇಕೆಂದು ಡಾಕ್ಟರು ಡಿಸೆಂಬರಿನಲ್ಲೇ ಹೇಳಿದ್ದರು. ಆಪರೇಷನ್ ಆದರೆ ನಲವತ್ತು ದಿನ ಹೊಸ ಕನ್ನಡಕವಿಲ್ಲ, ಕೆಲಸ ನಿಲ್ಲುತ್ತದೆ ಎಂದು ರಾಯರು ಮುಂದೂಡಿದರು. ಹಗಲು ಬೆಳಕಿಗೆ ಮೇಜನ್ನು ಕಿಟಕಿಗೆ ಎಳೆದುಕೊಂಡರು, ಹಾಳೆಗೆ ಮೂಗು ತಾಗುವಷ್ಟು ಬಗ್ಗಿದರು. ಜಯಲಕ್ಷ್ಮಿ ಕ್ಯಾರೆಟ್ ಹುಳಿ, ನುಗ್ಗೆಸೊಪ್ಪಿನ ಪಲ್ಯ, ಮತ್ತೆ ಕ್ಯಾರೆಟ್ ಹುಳಿ ಮಾಡಿದರು.

"ಪೊರೆಗೆ ಕ್ಯಾರೆಟ್ ತಿಂದರೆ ಹೋಗಲ್ಲಮ್ಮಾ," ಎಂದು ಸಂಜೀವ ತಟ್ಟೆ ನೋಡಿ ಮುಖ ಹುಳ್ಳಗೆ ಮಾಡಿದ.

"ನಿಮ್ಮಪ್ಪ ಹೇಳಿದ ಮಾತು ಕೇಳಿದ್ರೆ ನಾನ್ಯಾಕೋ ಕ್ಯಾರೆಟ್ ತರಲಿ?"

ಮಾರ್ಚ್ ಎರಡನೆಯ ವಾರ ನೂರಾ ಎಂಬತ್ತಾರೂ ಮುಗಿದವು. ಶನಿವಾರ ಬೆಳಿಗ್ಗೆ ರಾಯರು ಆಸ್ಪತ್ರೆಗೆ ಹೊರಟು ನಿಂತು, ಮುನ್ನೂರ ಎಪ್ಪತ್ತೆರಡು ಹಾಳೆಗಳ ಕಟ್ಟನ್ನು ಮಗನಿಗೆ ತೋರಿಸಿದರು. "ಒಂದೊಂದಕ್ಕೂ ಎರಡಿದೆ. ಗುರುತು ಹಾಕಿದ್ದೀನಿ, ನೋಡಿ ತಗೋ. ಅವಸರ ಮಾಡಬೇಡ."

"ಸರಿಪ್ಪಾ, ಆಟೋ ವೇಟಿಂಗ್," ಎಂದ ಸಂಜೀವ.

ಭಾನುವಾರ ಅವನು ಹಾಳೆಗಳನ್ನು ಹರಡಿಕೊಂಡು ಕೂತ. ಸೋಮವಾರ ಸ್ಕ್ಯಾನಿಂಗ್. ಎರಡರಲ್ಲಿ ಒಂದಕ್ಕೆ ಮೂಲೆಯಲ್ಲಿ ಮೂರು ಅಕ್ಷರ. ಇ, ರ, ಲಿ. ಓದಲು ಬಂತು, ಅದೇ ಅವನಿಗೆ ಸಂತೋಷ. ಅಡುಗೆಮನೆಯಲ್ಲಿ ಜಯಲಕ್ಷ್ಮಿ ಆಸ್ಪತ್ರೆಗೆ ಒಯ್ಯುವ ಕ್ಯಾರಿಯರಿಗೆ ಹುಳಿಯನ್ನ ಕಲೆಸುತ್ತಿದ್ದರು. ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುತ್ತಿತ್ತು.

"ಅಮ್ಮಾ, ಇರಲಿ ಅಂದ್ರೆ ವೇಂಡಾಂ ದಾನೇ?"

"ಹೂಂ ಮತ್ತೆ, ಬೇಡ ಅಂತ್ಲೇ. ಯಾಕೆ, ನಿಂಗೆ ಹುಳಿಯನ್ನ ಬೇಡವಾ?"

"ಬೇಕು, ಬೇಕು," ಎಂದು ಸಂಜೀವ 'ಇರಲಿ' ಎಂದಿದ್ದ ಹಾಳೆಗಳನ್ನೆಲ್ಲ ಒಂದು ಕಡೆ ಕಟ್ಟಿಟ್ಟ. ಗುರುತಿಲ್ಲದ ನೂರಾ ಎಂಬತ್ತಾರನ್ನು ಬ್ಯಾಗಿಗೆ ಹಾಕಿಕೊಂಡ. ಕಟ್ಟಿಟ್ಟದ್ದನ್ನು ಜಯಲಕ್ಷ್ಮಿ ಅಟ್ಟದ ಮೇಲೆ ಸೇರಿಸಿದರು, ಮೇಜನ್ನು ಸೋಪು ಹಾಕಿ ತೊಳೆದರು. ಆ ಮಧ್ಯಾಹ್ನ ಐದು ತಿಂಗಳ ಮೇಲೆ ಕುರ್ಚಿಯ ಮೇಲೆ ಕೂತು ಉಂಡರು.

ಏಪ್ರಿಲಿನಲ್ಲಿ ಸಂಜೀವ ಮಾದರಿಯ ಪುಟಗಳನ್ನು ಮನೆಗೆ ತಂದ. ಮೂರನೆಯ ತರಗತಿಯ ಪಾಠ, ಕಾಗೆಯದೊಂದು ಕಥೆ. ರಾಯರ ಬಲಗಣ್ಣಿಗೆ ಹಸಿರು ಮುಸುಕು, ಎಡಗಣ್ಣಿಗೆ ಪೊರೆ. ಜಯಲಕ್ಷ್ಮಿ ಓದಿದರು. ಒಂದು ಕಡೆಯೂ ತಡವರಿಸದೆ ಓದಿ, "ನೀರು ಕುಡಿದಷ್ಟು ಸುಲಭವಾಗಿ ಓದಕ್ಕೆ ಬರತ್ತೆ ಕಣ್ರೀ" ಎಂದರು. ಕೆಳಗೆ ಸಣ್ಣದಾಗಿ 'ಅಕ್ಷರವಿನ್ಯಾಸ: ಕಮಲಾಕರ ರಾವ್' ಎಂದಿತ್ತು. ಅದನ್ನು ಎರಡು ಸಲ ಓದಿದರು. ಸಂಜೆ ತಂಗಿಗೆ ಫೋನು ಮಾಡಿ ಮೂರನೆಯ ಸಲ ಓದಿದರು.

ಹೊಸ ಕನ್ನಡಕ ಬಂದದ್ದು ಏಪ್ರಿಲ್ ಕೊನೆಯ ಶುಕ್ರವಾರ. ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ ರಾಯರು ರೈಲ್ವೆ ವರ್ಕ್‌ಷಾಪಿನ ಗೋಡೆಯ ಮೇಲಿನ ಪೋಸ್ಟರುಗಳನ್ನೆಲ್ಲ ಗಟ್ಟಿಯಾಗಿ ಓದಿದರು. ಮನೆಗೆ ಬಂದು ಕೈಕಾಲು ತೊಳೆದು, ದೇವರಿಗೆ ನಮಸ್ಕಾರ ಮಾಡಿ, ಮಾದರಿಯ ಪುಟ ಕೇಳಿ ತೆಗೆದುಕೊಂಡರು. ಜಯಲಕ್ಷ್ಮಿ ಕಾಫಿ ತಂದಿಟ್ಟರು. ಕಾಫಿ ಆರಿತು.

ಏಳು ಗಂಟೆಗೆ ಸಂಜೀವ ಒಳಗೆ ಬಂದು ಚಪ್ಪಲಿ ಬಿಡುವ ಮೊದಲೇ ರಾಯರು ಕೇಳಿದರು. "ಇದು ಯಾರ ಅಕ್ಷರ?"

"ನಿಮ್ದೇ ಅಪ್ಪಾ."

"ನಾನು ಬಿಟ್ಟದ್ದು ಇದು. ಗುರುತು ಹಾಕಿದ್ದನ್ನ ಯಾಕೆ ತಗೊಳ್ಳಲಿಲ್ಲ?"

"ಗುರುತು ಹಾಕಿದ್ದನ್ನ ಬಿಟ್ಟುಬಿಟ್ಟೆ. ನೀವು ತಾನೇ ಇರಲಿ ಅಂತ ಬರೆದಿದ್ರಿ?"

"ಹೌದಪ್ಪ! ಇರಲಿ ಅಂದ್ರೆ ಇರಲಿ!"

"ಇರಲಿ ಅಂದ್ರೆ ಬೇಡ ಅಂತ ಅಲ್ವಾ?" ಸಂಜೀವನ ದನಿ ಇಳಿಯಿತು. "ಅಮ್ಮ ಸಾರು ಹಾಕಕ್ಕೆ ಬಂದ್ರೆ ದಿನಾ ಇರಲಿ ಇರಲಿ ಅಂತ ಕೈ ಅಡ್ಡ ಹಿಡೀತೀರಿ. ಅಮ್ಮನ್ನೂ ಕೇಳ್ದೆ. ಬೇಡ ಅಂತ್ಲೇ ಅಂತ ಅಮ್ಮಾನೇ ಹೇಳಿದ್ದು."

ಜಯಲಕ್ಷ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ನಾನು ಹುಳಿಯನ್ನ ಬೇಡವಾ ಅಂತ ಕೇಳಿದ್ನಲ್ಲೋ," ಎಂದರು.

"ನೀನಾದರೂ ಓದಿದೆಯಲ್ಲ ಜಯಾ? ಕಕಾರ ನೋಡು, ಹೊಟ್ಟೆ ಜೋತಿದೆ. ಈ ತಲಕಟ್ಟು ನೋಡು, ಒಂದು ದಪ್ಪ ಒಂದು ಸಣ್ಣ. ಅರ್ಧ ಕುರುಡನಾಗಿ ಬರೆದದ್ದು ಇವೆಲ್ಲ. ನಿನಗೆ ಕಾಣಲಿಲ್ಲವಾ?"

"ನಾನು ಕಥೆ ಓದಿದೆ ಕಣ್ರೀ. ಅಕ್ಷರ ನೋಡಲಿಲ್ಲ."

"ಸರಿ," ಎಂದು ರಾಯರು ಮಗನ ಕಡೆ ತಿರುಗಿದರು. "ಸೋಮವಾರ ಹೋಗಿ ಹೇಳು. ತಪ್ಪು ಹಾಳೆ ತಂದಿದ್ದೆ, ಸರಿಯಾದದ್ದು ಅಟ್ಟದ ಮೇಲಿದೆ ಅಂತ."

"ಹೇಗಪ್ಪಾ ಹೇಳೋದು? ಮತ್ತೆ ಸ್ಕ್ಯಾನ್ ಮಾಡಿ, ಕ್ಲೀನ್ ಮಾಡಿ, ಸೇರಿಸಕ್ಕೆ ಇನ್ನೂ ಒಂದೂವರೆ ತಿಂಗಳು. ಜೂನ್‌ಗೆ ಸ್ಕೂಲ್ ಓಪನ್. ಅವರು ಆರ್ಡರ್ ಕ್ಯಾನ್ಸಲ್ ಮಾಡ್ತಾರೆ. ಯಾಕೆ ತಪ್ಪಾಯ್ತು ಅಂತ ಕೇಳಿದ್ರೆ? ಕನ್ನಡ ಬರುತ್ತೆ ಅಂತ ಹೇಳಿ ಸೇರಿದವನು ನಾನು."

"ಕನ್ನಡದವನಾಗಿ 'ಇರಲಿ' ಗೊತ್ತಿಲ್ಲ ಅಂದ್ರೆ ನಾಚಿಕೆ ಆಗಬೇಕು."

ಅಲ್ಲಿಯ ತನಕ ತಪ್ಪಿತಸ್ಥನಂತೆ ನಿಂತಿದ್ದ ಸಂಜೀವ ತಲೆಯೆತ್ತಿದ. "ಯಾರಿಗಪ್ಪಾ ನಾಚಿಕೆ ಆಗಬೇಕು? ಮೂವತ್ತೊಂದು ವರ್ಷ ಊರಿಗೆಲ್ಲ ಕನ್ನಡ ಅಕ್ಷರ ಬರೆದುಕೊಟ್ರಿ. ನಂಗೆ ಒಂದು ದಿನ ಕೂರಿಸ್ಕೊಂಡು ಕಲಿಸಿದ್ರಾ? ಸ್ಲೇಟ್ ಹಿಡ್ಕೊಂಡು ಬಂದ್ರೆ ಇಂಕ್ ಚೆಲ್ತೀಯ, ಆ ಕಡೆ ಹೋಗು ಅಂತಿದ್ರಿ. ಹೋದೆ. ತಮಿಳ್ ಮೀಡಿಯಂಗೆ ಹೋದೆ."

ಮಗ ಹೇಳಿದ್ದು ನಿಜವಾಗಿತ್ತು. ರಾಯರು ಕನ್ನಡಕ ತೆಗೆದು ಮಡಿಸಿ ಪೆಟ್ಟಿಗೆಗೆ ಹಾಕಿದರು. ಆ ಹೊತ್ತು ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಆಫೀಸಿನಿಂದ ತಡವಾಗಿ ಬಂದ ವೃಂದಾ ಸುದ್ದಿ ಕೇಳಿ, ಪುಟವನ್ನು ಬೆಳಕಿಗೆ ಹಿಡಿದು ನೋಡಿ, "ಮಾವ, ನಿಜವಾಗ್ಲೂ ಹೇಳ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದಳು. ಸಮಾಧಾನಕ್ಕೆಂದೇ ಹೇಳಿದಳು. ಅದಕ್ಕಿಂತ ಕ್ರೂರವಾದ ಮಾತನ್ನು ಅವಳು ಬೇಕೆಂದು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಮುಂದಿನ ಬುಧವಾರ ಪದ್ಮನಾಭನ್ ರಾಯರನ್ನು ಆಫೀಸಿಗೆ ಕರೆದಿದ್ದರು. ಎಲ್ಲ ಸರಿಯಿದೆ ಎಂದು ಅಕ್ಷರ ಬರೆದವರ ಸಹಿ ಬೇಕು, ಆಮೇಲೆ ಫಾಂಟು ಬೆಂಗಳೂರಿಗೆ. ನಡುವಿನ ನಾಲ್ಕು ದಿನ ತಂದೆ ಮಗ ಮಾತಾಡಲಿಲ್ಲ. ರಾಯರು ಅಟ್ಟದಿಂದ ಕಟ್ಟನ್ನು ಇಳಿಸಿ ಒಂದೊಂದೇ ಹಾಳೆ ನೋಡಿದರು. ಮಂಗಳವಾರ ಮಧ್ಯಾಹ್ನ ಜಯಲಕ್ಷ್ಮಿ ಅವರ ಎದುರು ಬಂದು ಕೂತರು.

"ನಾಳೆ ಏನು ಮಾಡ್ತೀರಿ?"

"ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ಅವನ ಕೆಲಸ?"

"ಅದಕ್ಕೆ ನಾನೇನು ಮಾಡಲಿ? ಮೂವತ್ತೊಂದು ವರ್ಷ ನಂಬರು ಹಾಕಿಸಿಕೊಂಡೆ ಜಯಾ. ಈಗ ಹೆಸರು ಬೀಳುತ್ತೆ ಅಂದ್ರೆ ಅದು ಇಂಥದ್ದಕ್ಕಾ?"

"ಹೆಸರು ನಂಗೂ ಬೇಕಿತ್ತು ಕಣ್ರೀ. ಸುಮ್ಮನೆ ಐದು ತಿಂಗಳು ನೆಲದ ಮೇಲೆ ಕೂತೆನಾ? ಆದ್ರೆ ತಪ್ಪು ಅವನದು ಮಾತ್ರ ಅಲ್ಲ. ಕಲಿಸದೇ ಇದ್ದದ್ದು ನೀವು. ಕೇಳಿದಾಗ ಹೂಂ ಅಂದದ್ದು ನಾನು. ನಮ್ಮಿಬ್ಬರ ತಪ್ಪಿಗೆ ಅವನ ಅನ್ನ ಕಿತ್ಕೋಬೇಡಿ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಸಹಿ ಹಾಕಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ ಅಂದ್ರೆ ಮಂಡಿ ಬಗ್ಗೋಲ್ಲ."

ಬುಧವಾರ ರಾಯರು ಬಿಳಿ ಷರಟು ಹಾಕಿಕೊಂಡು ಮಗನ ಸ್ಕೂಟರಿನ ಹಿಂದೆ ಕೂತು ಹೋದರು. ಎ.ಸಿ. ಕೋಣೆ, ಮೇಜಿನ ಮೇಲೆ ಪುಟಗಳು, ಬಿಸ್ಕತ್ತು. ಪದ್ಮನಾಭನ್ ಎದ್ದು ನಿಂತು ಕೈಮುಗಿದರು. ಆ ಮನುಷ್ಯನದು ಏನೂ ತಪ್ಪಿರಲಿಲ್ಲ.

"ಸಾರ್, ಏನಾದರೂ ತಿದ್ದುಪಡಿ ಇದೆಯಾ?" ಎಂದು ತಮಿಳಿನಲ್ಲಿ ಕೇಳಿದರು.

ರಾಯರು ಪುಟಗಳನ್ನು ಒಂದೊಂದಾಗಿ ತಿರುವಿದರು. ಸಂಜೀವ ಬಿಸ್ಕತ್ತಿನ ತಟ್ಟೆಯನ್ನೇ ನೋಡುತ್ತಿದ್ದ.

"ಒಂದಿದೆ," ಎಂದರು ರಾಯರು. "ನನ್ನ ಹೆಸರು ತೆಗೆಯಿರಿ."

"ಸಾರ್?"

"ಫಾಂಟಿಗೂ ಬೇಡ, ಕೆಳಗೂ ಬೇಡ. ಎಲ್ಲೂ ಬೇಡ. ಹಾಗಾದರೆ ಸಹಿ ಹಾಕ್ತೀನಿ."

ಪದ್ಮನಾಭನ್ ಕಣ್ಣು ತುಂಬಿಕೊಂಡರು. ಈ ಕಾಲದಲ್ಲಿ ಹೆಸರು ಬೇಡ ಎನ್ನುವ ಕಲಾವಿದ ಎಲ್ಲಿದ್ದಾನೆ ಎಂದರು. ಪಕ್ಕದ ಕೋಣೆಯ ನಾಲ್ಕು ಜನರನ್ನು ಕರೆದು ರಾಯರನ್ನು ತೋರಿಸಿದರು. ಫಾಂಟಿಗೆ ಏನಾದರೂ ಹೆಸರು ಬೇಕೇಬೇಕಲ್ಲ ಎಂದು ಯೋಚಿಸಿ, "ಹಾಗಾದರೆ 'ಸಂಜೀವ' ಅಂತಲೇ ಇರಲಿ ಸಾರ್. ತಂದೆ ಮಗನಿಗೆ ಕೊಟ್ಟ ಹಾಗಾಯಿತು" ಎಂದರು. ರಾಯರು ಮಗನ ಮುಖ ನೋಡಿದರು. ಬೇಡ ಎನ್ನಲು ಅವನಿಗೆ ಸಾಕಷ್ಟು ಹೊತ್ತು ಇತ್ತು. ಅವನು ಎದ್ದು ಬಂದು ತಂದೆಯ ಕಾಲು ಮುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ವಾಪಸಾಗುವಾಗ ಸಿಗ್ನಲಿನಲ್ಲಿ ಸ್ಕೂಟರು ನಿಂತಾಗ ಸಂಜೀವ ಹಿಂದೆ ತಿರುಗಿದ. ಅವನ ಕಣ್ಣು ಇನ್ನೂ ಒದ್ದೆಯಿತ್ತು. "ಅಪ್ಪಾ, ಇಷ್ಟು ದೊಡ್ಡದು ನಂಗೆ ಕೊಟ್ರಿ. ನಾನು ಮರೆಯೋಲ್ಲ."

"ಕೊಟ್ಟದ್ದಲ್ಲ ಕಣೋ. ನಂದಲ್ಲ ಅಂದೆ, ಅಷ್ಟೇ."

"ಅದೇಪ್ಪಾ, ಅಷ್ಟು ದೊಡ್ಡ ಮನಸ್ಸು," ಎಂದ ಸಂಜೀವ. ಸಿಗ್ನಲ್ ಬಿಟ್ಟಿತು.

ನೆಂಟರಿಷ್ಟರೆಲ್ಲ ಅದನ್ನೇ ಹೇಳಿದರು. ಹೊಸೂರಿನಿಂದ ಜಯಲಕ್ಷ್ಮಿಯ ಅಣ್ಣ ಪತ್ರ ಬರೆದರು, ಮಠದಲ್ಲಿ ಆಚಾರ್ಯರೊಬ್ಬರು ನಿಷ್ಕಾಮ ಕರ್ಮಕ್ಕೆ ರಾಯರನ್ನು ಉದಾಹರಣೆ ಕೊಟ್ಟರು. ಜಯಲಕ್ಷ್ಮಿ ಮಾತ್ರ ತಂಗಿಗೆ ಫೋನು ಮಾಡಲಿಲ್ಲ. ತಂಗಿಯೇ ಮಾಡಿ ಹೆಸರು ಯಾಕೆ ಬದಲಾಯಿತೆಂದು ಕೇಳಿದಾಗ, "ಒಲೆ ಮೇಲೆ ಹಾಲಿದೆ" ಎಂದು ಇಟ್ಟುಬಿಟ್ಟರು. ಪ್ರಮೋಷನ್ ಬಂತು, ಬ್ಯಾಂಕಿನವರು ಒಪ್ಪಿದರು, ಶ್ರಾವಣದಲ್ಲಿ ವೇಲಚೇರಿಯ ಗೃಹಪ್ರವೇಶವೆಂದು ನಿಶ್ಚಯವಾಯಿತು.

ಜುಲೈಯಲ್ಲಿ ಸಂಜೀವ ಕುಣಿದುಕೊಂಡು ಬಂದ. ಬೆಂಗಳೂರಿನವರಿಗೆ ಫಾಂಟು ಬಹಳ ಹಿಡಿಸಿದೆ, ಪಾಠದ ತಲೆಬರಹಗಳಿಗೆ ಇದರದೇ ದಪ್ಪ ಅಕ್ಷರ ಬೇಕಂತೆ.

"ಹೊಸದಾಗಿ ಯೋಚನೆ ಮಾಡಬೇಕಾಗಿಲ್ಲ ಅಪ್ಪಾ. ಅದೇ ಅಕ್ಷರ, ಅದೇ ಶೇಪು, ಸ್ವಲ್ಪ ದಪ್ಪ ಮಾಡಿ ಬರೆದ್ರೆ ಸಾಕು. ಈಗ ಕಣ್ಣೂ ಚೆನ್ನಾಗಿ ಕಾಣತ್ತೆ. ನಾನು ಆಗಲೇ ಸರಿ ಅಂದ್ಬಿಟ್ಟೆ."

ಜಯಲಕ್ಷ್ಮಿ ಗಂಡನ ಮುಖ ನೋಡಿದರು. ವೃಂದಾ, "ಹೊಸ ಮನೆಗೆ ಬೇರೆ ಡೈನಿಂಗ್ ಟೇಬಲ್ ತಗೊಳ್ಳೋಣ ಮಾವ, ಇದನ್ನ ನಿಮಗೇ ಬಿಟ್ಟುಬಿಡೋಣ" ಎಂದಳು.

"ನನ್ನ ಕಣ್ಣು ಹೋಯ್ತು ಅಂತ ಹೇಳು," ಎಂದರು ರಾಯರು.

"ಅಪ್ಪಾ?"

"ಆಪರೇಷನ್ ಕೆಟ್ಟಿತು, ಎರಡೂ ಕಾಣಲ್ಲ ಅಂತ ಹೇಳು."

"ಬಿಡ್ತು ಅನ್ನಿ!" ಜಯಲಕ್ಷ್ಮಿ ಕೂಗಿದರು. "ಮೂರು ಸಂಜೆ ಹೊತ್ತಲ್ಲಿ ಏನು ಮಾತು ಅಂತ ಆಡ್ತೀರಿ?"

ರಾಯರು ಮಗನನ್ನೇ ನೋಡುತ್ತಿದ್ದರು. "ನಾನು ನಿನಗೋಸ್ಕರ ಒಂದು ಸುಳ್ಳಿಗೆ ಸಹಿ ಹಾಕಿದ್ದೀನಿ. ನೀನು ನನಗೋಸ್ಕರ ಒಂದು ಹೇಳು."

ಸಂಜೀವ ಹೇಳಿದ. ಇಂಥದ್ದನ್ನು ಅವನು ತಪ್ಪದೆ ಹೇಳುತ್ತಾನೆ. ದಪ್ಪ ಅಕ್ಷರವನ್ನು ಆಫೀಸಿನವರೇ ಕಂಪ್ಯೂಟರಿನಲ್ಲಿ ಊದಿಸಿದರು.

ಗೃಹಪ್ರವೇಶದ ದಿನ ವೇಲಚೇರಿಯ ಫ್ಲ್ಯಾಟಿನಲ್ಲಿ ಸುಣ್ಣದ ವಾಸನೆ, ಹೋಮದ ಹೊಗೆ. ಊಟಕ್ಕೆ ಮಹಡಿಯ ಮೇಲೆ ಶಾಮಿಯಾನ. ಕರೆದವರಲ್ಲಿ ಅರ್ಧ ಜನ ಸಂಜೀವನ ಆಫೀಸಿನವರಾದದ್ದರಿಂದ ರಾಯರು ಬೆಳಿಗ್ಗೆಯಿಂದ ಕಪ್ಪು ಕನ್ನಡಕ ಹಾಕಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಬಂದವರು ತಮ್ಮ ಹೆಸರು ಹೇಳಿ ಅವರ ಕೈ ಹಿಡಿದು ಮರುಗುತ್ತಿದ್ದರು. ಪದ್ಮನಾಭನ್ ಹಣ್ಣಿನ ಬುಟ್ಟಿ ತಂದರು, ಜೊತೆಗೆ ಬೆಂಗಳೂರಿನಿಂದ ಬಂದ ಪುಸ್ತಕ. ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು, ಅದನ್ನು ತೆರೆದು ರಾಯರ ತೊಡೆಯ ಮೇಲಿಟ್ಟರು.

"ಮೂರನೇ ಕ್ಲಾಸಿನ ಪುಸ್ತಕ ಸಾರ್. ಎರಡು ಲಕ್ಷ ಕಾಪಿ. ಕಾಣದಿದ್ದರೇನು, ಮುಟ್ಟಿ ನೋಡಿ."

ಕಪ್ಪು ಗಾಜಿನ ಹಿಂದಿನಿಂದ ರಾಯರಿಗೆ ಪುಟ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಗೆಯ ಕಥೆ. ಸಾಲುಸಾಲು ಕಕಾರಗಳು ಹೊಟ್ಟೆ ಬಿಟ್ಟುಕೊಂಡು ಕೂತಿದ್ದವು. ಅವರು ಪದ್ಮನಾಭನ್‌ರ ತಲೆಯ ಮೇಲಿನ ಗೋಡೆಯ ಕಡೆ ಮುಖ ಎತ್ತಿ, ಕಾಗದದ ಮೇಲೆ ಬೆರಳು ಆಡಿಸಿದರು. ಸೀಸದ ಮೊಳೆಯ ಕಾಲದಲ್ಲಿ ಪುಟದ ಹಿಂಬದಿ ಮುಟ್ಟಿದರೂ ಅಕ್ಷರದ ಉಬ್ಬು ಬೆರಳಿಗೆ ಸಿಗುತ್ತಿತ್ತು. ಈ ಕಾಗದ ನುಣ್ಣಗಿತ್ತು.

"ಹೇಗಿದೆ ಸಾರ್?"

"ಚೆನ್ನಾಗಿದೆ," ಎಂದರು ರಾಯರು. "ಏನೂ ಗೊತ್ತಾಗೋಲ್ಲ."

ಎಲೆ ಹಾಕಿದೆ ಎಂದು ಯಾರೋ ಕೂಗಿದರು. ಜಯಲಕ್ಷ್ಮಿ ಜನರ ನಡುವಿನಿಂದ ಬಂದು ಪುಸ್ತಕ ಮುಚ್ಚಿ ತೆಗೆದಿಟ್ಟು, ಗಂಡನ ಮುಂಗೈ ಹಿಡಿದು ಎಬ್ಬಿಸಿದರು. ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಅವರ ಕೈಗೆ ಒತ್ತುತ್ತಿತ್ತು.

"ಕಣ್ಣಿದ್ದೂ ಕುರುಡ ಅನ್ನಿಸ್ಕೊಂಡ್ರಲ್ಲ," ಎಂದು ಮೆಲ್ಲಗೆ, ಹಲ್ಲು ಕಚ್ಚಿಕೊಂಡು ಕೇಳಿದರು. "ನಿಮಗೆ ಏನು ಸಿಕ್ತು?"

"ಇನ್ನು ಯಾರೂ ನನಗೆ ಆ ಅಕ್ಷರಾನ ಮತ್ತೆ ಬರಿ ಅನ್ನೋಲ್ಲ."

ಬಾಗಿಲ ಹತ್ತಿರ ಆಫೀಸಿನವರು ದಾರಿ ಬಿಟ್ಟು ನಿಂತಿದ್ದರು. ಸಂಜೀವನೂ ನಿಂತಿದ್ದ. ಜಯಲಕ್ಷ್ಮಿ ಎಲ್ಲರಿಗೂ ಕೇಳಿಸುವಂತೆ ದನಿ ಎತ್ತಿದರು.

"ಹೊಸ್ತಿಲಿದೆ, ನೋಡಿಕೊಂಡು... ಕಾಲು ಎತ್ತಿ ಇಡಿ."

ರಾಯರು ಒಂದು ಕೈಯಿಂದ ಗಾಳಿಯಲ್ಲಿ ತಡವುತ್ತ ಕಾಲು ಎತ್ತಿ ಇಟ್ಟರು.